ಹದಿನೇಳು ಕಲ್ಲು, ಒಂದು ಬೆಕ್ಕು

ನಾನು ಒಂದು ಮಕ್ಕಳ ಚಿತ್ರಪುಸ್ತಕ. ಮೂವತ್ತೆರಡು ಪುಟ, ನುಣುಪು ಕಾಗದ, ಬೆನ್ನಿಗೆ ಎರಡು ಪಿನ್ನು. ಹೊದಿಕೆಯ ಮೇಲೆ ಹೆಸರು: ‘ಕಲ್ಲಜ್ಜಿಯ ಕಾಮನಬಿಲ್ಲು’. ನನ್ನಂಥ ಪುಸ್ತಕಗಳದು ಸಾಮಾನ್ಯವಾಗಿ ಸುಖದ ಬದುಕು. ಯಾರೋ ಬಿಡಿಸುತ್ತಾರೆ, ಯಾರೋ ಓದುತ್ತಾರೆ, ಯಾವುದೋ ಮಗು ಹರಿಯುತ್ತದೆ, ಅಲ್ಲಿಗೆ ಮುಗಿಯಿತು. ನನಗೆ ಆ ಸುಖ ಸಿಗಲಿಲ್ಲ. ನನ್ನ ಚಿತ್ರಗಳು ಒಂದು ಹೇಳುತ್ತವೆ, ನನ್ನ ಅಕ್ಷರಗಳು ಇನ್ನೊಂದು ಹೇಳುತ್ತವೆ. ಹುಟ್ಟಿದಂದಿನಿಂದ ಎರಡಕ್ಕೂ ಜಗಳ. ಮುಚ್ಚಿಟ್ಟಾಗ ಪುಟಕ್ಕೆ ಪುಟ ಒತ್ತಿಕೊಂಡು ಆ ಜಗಳ ಇನ್ನೂ ಜೋರಾಗುತ್ತದೆ.

ನನ್ನನ್ನು ಮಾಡಿದವಳು ಸುಚೇತಾ. ನಗರದಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವವಳು. ಬದುಕೆಲ್ಲ ಕಲ್ಲು ಕೂಡಿಟ್ಟ ಹೆಂಗಸೊಬ್ಬಳು ಬಂಡಿಗೋಳದಲ್ಲಿ ಇದ್ದಾಳೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಬಣ್ಣದ ಡಬ್ಬಿ ಹೊತ್ತುಕೊಂಡು ಹೊರಟಳು. ಬಂಡಿಗೋಳದ ಸುತ್ತ ಗುಲಾಬಿ ಕಲ್ಲಿನ ಕ್ವಾರಿಗಳು. ಊರಿನ ಕೊನೆಗೆ ಕಲ್ಲು ಒಡೆಯುವವರ ಓಣಿ. ಓಣಿಯ ಕೊನೆಯ ಮನೆ ಹುಲಿಗೆವ್ವನದು.

ಹುಲಿಗೆವ್ವನ ಮನೆಯಲ್ಲಿ ಗೋಡೆಯ ಬುಡಕ್ಕೆ ಹದಿನೇಳು ಕಲ್ಲು ಸಾಲಾಗಿ ಕೂತಿದ್ದವು. ಒಂದೊಂದೂ ಮುಷ್ಟಿ ಗಾತ್ರ. ಅವಳಿಗೆ ಕಲ್ಲಿನ ಹುಚ್ಚು ಹುಟ್ಟಿನಿಂದ ಬಂದದ್ದು. ಆರು ವರ್ಷದವಳಿದ್ದಾಗ ಲಂಗದ ತುಂಬ ಕಲ್ಲು ತುಂಬಿಕೊಂಡು ಬರುತ್ತಿದ್ದಳಂತೆ, ತಾಯಿ ಅವನ್ನು ತಿಪ್ಪೆಗೆ ಎಸೆಯುತ್ತಿದ್ದಳಂತೆ. “ದಿನಾ ಕಲ್ಲಾಗ ಸಾಯ್ತೀವಿ, ಮನಿಗೂ ತರ್ತಿಯೇನಲೇ ಹುಚ್ಚಿ!” ಎಂದು ಬಯ್ಯುತ್ತಿದ್ದಳಂತೆ. ಹುಚ್ಚು ಬಿಡಲಿಲ್ಲ. ಕಲ್ಲು ಕೈಗೆ ಸಿಕ್ಕರೆ ಹುಲಿಗೆವ್ವ ಮೊದಲು ನಾಲಗೆ ತಾಗಿಸುತ್ತಿದ್ದಳು. ಒದ್ದೆಯಾದಾಗಲೇ ಕಲ್ಲು ತನ್ನ ನಿಜ ಬಣ್ಣ ಬಿಡುವುದು.

ಆದರೆ ಗೋಡೆಯ ಬುಡದ ಕಲ್ಲುಗಳು ಹಾಗೆ ಸುಮ್ಮನೆ ಆಯ್ದವಲ್ಲ. ಆ ಕಡೆಯ ಕ್ವಾರಿಗಳಲ್ಲಿ ಗಂಡಹೆಂಡಿರನ್ನು ಜೋಡಿಯಾಗಿಯೇ ಕೆಲಸಕ್ಕೆ ಹಚ್ಚುತ್ತಾರೆ. ಹೊಸ ಕ್ವಾರಿಗೆ ಹೋದ ಮೊದಲ ದಿನ ಗಂಡ ಉಳಿಯಿಟ್ಟು ಸುತ್ತಿಗೆ ಬೀಸುತ್ತಾನೆ. ಹಾರಿದ ಮೊದಲ ಚಕ್ಕೆಯನ್ನು ಹೆಂಡತಿ ನೆಲಕ್ಕೆ ಬೀಳದಂತೆ ಉಡಿಯೊಡ್ಡಿ ಹಿಡಿಯಬೇಕು. ಅದು ನೆಲಕ್ಕೆ ಬಿದ್ದರೆ ಅದೇ ಕ್ವಾರಿಯಲ್ಲಿ ಮೈ ಬೀಳುತ್ತದೆ ಎಂಬ ಅಂಜಿಕೆ. ಉಳಿದ ಹೆಂಗಸರು ಆ ಕ್ವಾರಿ ಬಿಡುವಾಗ ಚಕ್ಕೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಹುಲಿಗೆವ್ವನಿಗೆ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ, ಹದಿನೇಳು ಕ್ವಾರಿ, ಹದಿನೇಳು ಕಲ್ಲು.

ಸುಚೇತಾ ಆರು ದಿನ ಆ ಮನೆಯ ನೆಲದಲ್ಲಿ ಕೂತು ಒಂದೊಂದು ಕಲ್ಲನ್ನೂ ಇದ್ದ ಅಳತೆಗೆ ಇದ್ದ ಹಾಗೇ ಬಿಡಿಸಿದಳು. ಗುಲಾಬಿಯಲ್ಲಿ ಹರಿದ ಕರಿ ಎಳೆ, ಬೂದಿಯಲ್ಲಿ ಹೊಳೆವ ಅಭ್ರಕದ ಚುಕ್ಕೆ, ಅಂಚಿನಲ್ಲಿ ಉಳಿ ಕೊರೆದ ಅರ್ಧ ಕೊಳವೆಯಂಥ ಗೀರು, ಏನನ್ನೂ ಬಿಡಲಿಲ್ಲ. ಮೂಲೆಯ ಮಂಚದ ಮೇಲೆ ಹುಲಿಗೆವ್ವನ ಗಂಡ ಮಾರೆಪ್ಪ ಮಲಗಿದ್ದ. ಎದೆಗೂಡು ಒಂದೇ ಉಳಿದಿತ್ತು ಅವನಲ್ಲಿ.

“ಎಲ್ಲಾ ಬರ್ಕೊಂಡಿ. ನನ್ನ ಕೆಮ್ಮ ಹೆಂಗ ಬರಿತೀಯವ್ವಾ?” ಎಂದು ಅವನು ಕೇಳಿದ.

ಸುಚೇತಾ ನಕ್ಕು ಅವನನ್ನೂ ಬಿಡಿಸಿದಳು, ಮಂಚದ ಸಮೇತ.

ಇಲ್ಲಿಯವರೆಗೆ ನಾನು ಒಳ್ಳೆಯ ಪುಸ್ತಕವೇ ಆಗಬೇಕಿತ್ತು.

ಪ್ರಕಾಶಕರ ಕಚೇರಿಯಲ್ಲಿ ನನ್ನ ಬಿಡಿ ಹಾಳೆಗಳು ಮೇಜಿನ ಮೇಲೆ ಹರಡಿದ್ದಾಗ ಸಂಪಾದಕರು ಕನ್ನಡಕ ಏರಿಸಿ ನೋಡಿದರು.

“ಸುಚೇತಾ, ಮಕ್ಕಳು ಮಲಗೋ ಮುಂಚೆ ಓದೋ ಪುಸ್ತಕ ಇದು. ಕೆಮ್ಮೋ ಮನುಷ್ಯ ಯಾಕೆ?”

“ಅವರ ಗಂಡ ಸರ್. ಅವರಿಬ್ಬರೂ ಸೇರಿ...”

“ಗೊತ್ತಾಯ್ತು. ಆದ್ರೆ ಬೇಡ.”

“ಮಂಚ ಖಾಲಿ ಕಾಣುತ್ತೆ.”

“ಒಂದು ಬೆಕ್ಕು ಹಾಕಿ.”

ಹೀಗೆ ನನ್ನ ಹದಿನಾಲ್ಕನೆಯ ಪುಟಕ್ಕೆ ಒಂದು ಕಿತ್ತಳೆ ಬಣ್ಣದ ಬೆಕ್ಕು ಬಂದು ಮಲಗಿತು. ಕ್ವಾರಿ ಹೋಗಿ ಹೊಳೆದಂಡೆ ಬಂತು. ಸುತ್ತಿಗೆ ಹೋಗಿ ಬಿದಿರಿನ ಬುಟ್ಟಿ ಬಂತು. ವರ್ಷದ ಕ್ರಮದಲ್ಲಿದ್ದ ಕಲ್ಲುಗಳನ್ನು ಬಣ್ಣದ ಕ್ರಮಕ್ಕೆ ಜೋಡಿಸಿ ಕಾಮನಬಿಲ್ಲು ಮಾಡಿದರು. ಮಾತು ಬರೆದುಕೊಟ್ಟವರೂ ಸಂಪಾದಕರೇ: ‘ಕಲ್ಲಜ್ಜಿ ದಿನವೂ ಹೊಳೆದಂಡೆಗೆ ಹೋಗುತ್ತಾಳೆ. ಆಡುತ್ತಾ ಹಾಡುತ್ತಾ ಕಲ್ಲು ಆಯುತ್ತಾಳೆ.’ ಸುಚೇತಾ ಎಲ್ಲಕ್ಕೂ ಹೂಂ ಅಂದಳು. ಒಂದೇ ಒಂದು ಕಡೆ ಹಟ ಹಿಡಿದಳು: “ಕಲ್ಲುಗಳ ಚಿತ್ರ ಮಾತ್ರ ಮುಟ್ಟಲ್ಲ ಸರ್. ಒಂದು ಗೀರೂ ಅಳಿಸಲ್ಲ.” ಸಂಪಾದಕರಿಗೆ ಕಲ್ಲಿನ ಮೇಲಿನ ಗೀರು ಏನೆಂದು ತಿಳಿಯಲಿಲ್ಲ. ಅಂದವೆಂದು ಬಿಟ್ಟರು.

ನನ್ನ ಬಿಡುಗಡೆಯ ದಿನ ಸಭಾಂಗಣದಲ್ಲಿ ಪ್ರದರ್ಶನಕ್ಕಿಡಲು ಸುಚೇತಾ ಆ ಹದಿನೇಳು ಕಲ್ಲುಗಳನ್ನು ಹುಲಿಗೆವ್ವನಿಂದ ಕೇಳಿ ತಂದಿದ್ದಳು. ಸಭೆ ಮುಗಿಯಿತು, ಎಲ್ಲರೂ ತಿಂಡಿಗೆ ಹೋದರು. ಅಷ್ಟರಲ್ಲಿ ಕಸ ಗುಡಿಸುವವರು ಕಲ್ಲುಗಳನ್ನು ಬುಟ್ಟಿಗೆ ತುಂಬಿ ತೋಟದ ಜಲ್ಲಿರಾಶಿಗೆ ಸುರಿದುಬಿಟ್ಟಿದ್ದರು. ತಪ್ಪು ಅವರದಲ್ಲ. ಇದು ಕಸವಲ್ಲ ಎಂದು ಅವರಿಗೆ ಯಾರು ಹೇಳಿದ್ದರು? ಸುಚೇತಾ ಕತ್ತಲಾಗುವತನಕ ಜಲ್ಲಿ ಕೆದಕಿದಳು. ಅಷ್ಟರಲ್ಲಿ ಮೇಲೆ ಇನ್ನೊಂದು ಲಾರಿ ಜಲ್ಲಿ ಬಿದ್ದಿತ್ತು, ಒಂದೂ ಸಿಗಲಿಲ್ಲ. ಅಂದಿನಿಂದ ಆ ಕಲ್ಲುಗಳು ಉಳಿದದ್ದು ನನ್ನ ಮೈಮೇಲೆ ಮಾತ್ರ.

ಬಂಡಿಗೋಳದ ಪಂಚಾಯಿತಿ ಗ್ರಂಥಾಲಯಕ್ಕೆ ನಾನು ಬಂದದ್ದು ಮರುವರ್ಷ, ಒಂದು ಕಟ್ಟಿನಲ್ಲಿ, ಮಗ್ಗಿ ಪುಸ್ತಕಗಳ ನಡುವೆ. ಅಷ್ಟರಲ್ಲಿ ಮಾರೆಪ್ಪ ಸತ್ತಿದ್ದ. ಗ್ರಂಥಾಲಯ ನೋಡಿಕೊಳ್ಳುವವಳು ಖಾಜಾಬನಿ. ನನ್ನ ಎದೆಗೆ ಮುದ್ರೆ ಒತ್ತಿದವಳೂ ಅವಳೇ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. “ಪುಸ್ತಕದ ಮ್ಯಾಲ ಯಾವನರ ಗೀಚಿದ್ರ ಕೈ ಮುರಿತೀನಿ ನೋಡ್ರಿ!” ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಮಕ್ಕಳ ಬೆರಳಿನ ಚುರುಮುರಿಯ ಖಾರ, ಮೂಗಿನ ಸಿಂಬಳ, ಎಲ್ಲ ನನಗೆ ಹತ್ತಿತು. ಮಕ್ಕಳಿಗೆ ಅತಿ ಪ್ರೀತಿ ಬೆಕ್ಕಿನ ಪುಟ. ಅದನ್ನು ತೆಗೆದು ಮ್ಯಾಂವ್ ಎನ್ನುತ್ತಿದ್ದರು. ಅವರ ನಗೆ ಕೇಳಿ ನನ್ನ ಪುಟಗಳು ಕೂಡಿಕೊಳ್ಳಬೇಕಿತ್ತು. ಕೂಡಿಕೊಳ್ಳಲಿಲ್ಲ. ಆ ಬೆಕ್ಕಿನ ಕೆಳಗೆ ಇನ್ನೊಬ್ಬರ ಮೈಯ ಗುರುತು ನನಗೆ ಒತ್ತುತ್ತಲೇ ಇತ್ತು.

ಅಮಾವಾಸ್ಯೆಯ ದಿನ ಕ್ವಾರಿಗಳಲ್ಲಿ ಸುತ್ತಿಗೆ ಎತ್ತುವುದಿಲ್ಲ. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಓಣಿಯ ಹೆಂಗಸರನ್ನು ಗ್ರಂಥಾಲಯದ ಕಟ್ಟೆಗೆ ಕರೆದು ಖಾಜಾಬನಿ ಏನಾದರೂ ಓದಿ ಹೇಳುತ್ತಿದ್ದಳು. ಒಂದು ಅಮಾವಾಸ್ಯೆಗೆ ನನ್ನನ್ನು ಎತ್ತಿಕೊಂಡಳು.

“ಇವತ್ತ ನಮ್ಮ ಹುಲಿಗೆವ್ವತ್ತೀ ಕತಿ. ಪುಸ್ತಕದಾಗ ಬಂದಾಳ ನೋಡ್ರಿ!”

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಹುಲಿಗೆವ್ವ ನಾಚಿ ಕಂಬದ ಮರೆಗೆ ಸರಿದಳು. ಓದು ಶುರುವಾಯಿತು. ಹೊಳೆದಂಡೆ ಬಂತು, ಬುಟ್ಟಿ ಬಂತು, ಹಾಡು ಬಂತು. ನಗು ಒಂದೊಂದಾಗಿ ನಿಂತಿತು.

“ಯಾವ ಹೊಳಿಬೇ?” ಎಂದು ಹುಲಿಗೆವ್ವ ಕೇಳಿದಳು.

“ಹಂಗ ಬರದಾರ.”

“ನಮ್ಮೂರಾಗ ಹೊಳಿ ಎಲ್ಲೈತಿ? ಮಂಚ ತೋರ್ಸು.” ಖಾಜಾಬನಿ ಹದಿನಾಲ್ಕನೆಯ ಪುಟ ತಿರುಗಿಸಿದಳು. ಹುಲಿಗೆವ್ವ ಬೆಕ್ಕಿನ ಮೇಲೆ ಬೆರಳಿಟ್ಟಳು. “ನಾವು ಬೆಕ್ಕ ಸಾಕೇ ಇಲ್ಲಲ್ಲ,” ಅಂದಳು.

ನಾನು ಖಾಜಾಬನಿಯ ತೊಡೆಯ ಮೇಲೆ ತೆರೆದುಕೊಂಡು ಬಿದ್ದಿದ್ದೆ. ಮುಚ್ಚಿಕೊಳ್ಳಲು ನನಗೆ ಕೈಯಿರಲಿಲ್ಲ.

ಖಾಜಾಬನಿ ಅಲ್ಲಿಂದಲೇ ಸುಚೇತಾಗೆ ಫೋನ್ ಹಚ್ಚಿ ಹೊಳೆ, ಬೆಕ್ಕು ಎಲ್ಲಿಂದ ಬಂದವೆಂದು ಕೇಳಿದಳು. ಆ ಕಡೆಯಿಂದ ಅಳು ಕೇಳಿತು. ಕಲ್ಲು ಕಳೆದ ವಿಷಯವೂ ಆಗಲೇ ಹೊರಬಿತ್ತು. “ಎಡಿಟರ್ ಹೇಳಿದ್ರು, ನಾನು ಒಪ್ಪಿಬಿಟ್ಟೆ ಮೇಡಂ. ಕಲ್ಲು ಹೋದದ್ದನ್ನ ಹೇಳೋಕೆ ಧೈರ್ಯ ಬರಲಿಲ್ಲ...” ಹುಲಿಗೆವ್ವ ಕೇಳಿಸಿಕೊಂಡಳು. “ಅಳಬ್ಯಾಡಂತ ಹೇಳು ಆಕಿಗೆ. ಅತ್ರ ಕಲ್ಲು ತಿರುಗಿ ಬರ್ತಾವೇನು?” ಎಂದಳು. ಆಗ ಅವಳ ನಿಜವಾದ ಸಂಕಟ ಹೊರಗೆ ಬಂತು.

ಮಾರೆಪ್ಪ ಸತ್ತಾಗ ಕೊಟ್ಟ ಕಾಗದದಲ್ಲಿ ‘ಕ್ಷಯ’ ಎಂದು ಬರೆದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಇದು ಕಲ್ಲಿನ ಧೂಳು ಕುಡಿದ ಎದೆ ಅಂದಿದ್ದರಂತೆ. ಆದರೆ ಎಲ್ಲಿ ದುಡಿದ, ಎಷ್ಟು ವರ್ಷ ದುಡಿದ ಎಂಬುದಕ್ಕೆ ಪುರಾವೆ ಕೇಳಿದ್ದರು. ಕ್ವಾರಿಯ ಹಾಜರಿ ಪುಸ್ತಕದಲ್ಲಿ ಇರುವುದು ಮೇಸ್ತ್ರಿಯ ಹೆಸರು, ಜೋಡಿಗಳ ಹೆಸರಲ್ಲ. ಪುರಾವೆ ಇಲ್ಲ, ಹಾಗಾಗಿ ಕ್ಷಯ. ಅಂದಿನಿಂದ ಓಣಿಯವರೇ ಅವಳ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಈಗ ಮಗ ಯಮನಪ್ಪ, ಮಾರೆಪ್ಪ ಕೊನೆಗೆ ದುಡಿದ ಕ್ವಾರಿಯಲ್ಲೇ ಮಷಿನ್ ಹಿಡಿದು ಕೊರೆಯುತ್ತಿದ್ದ. ಧೂಳು ಅಡಗಲು ಹನಿ ನೀರನ್ನೂ ಬಿಡದೆ ಒಣಕಲ್ಲು ಕೊರೆಯುವುದು. ಸಂಜೆ ಬಂದರೆ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ. ಧೂಳಿನಿಂದ ಒಬ್ಬ ಸತ್ತ ಎಂದು ಕಾಗದದಲ್ಲಿ ಬಂದರೆ ಮಾತ್ರ ನೀರು ಬಿಟ್ಟು ಕೊರೆಯಿರಿ ಎಂದು ಕ್ವಾರಿಗೆ ಹೇಳುವವರು ಹುಟ್ಟುತ್ತಾರೆ.

“ಕ್ಷಯ ಅಂದ್ರ ತಪ್ಪು ಅವನ ಮೈದಂತಾತು,” ಅಂದಳು ಹುಲಿಗೆವ್ವ. “ಧೂಳ ಅಂದ್ರ, ತಪ್ಪು ಯಾರದಂತ ಕೇಳಬೌದು. ನನಗ ಆ ಒಂದ ಮಾತು ಬದಲಾಗಬೇಕಬೇ. ಹದಿನೇಳು ಕಲ್ಲು ಸಾಕ್ಷಿ ಹೇಳತಿದ್ವು. ಅವೂ ಹೋದ್ವು.”

“ಎಕ್ಸ್‌ರೇ ಐತೋ ಇಲ್ಲೋ?” ಎಂದು ಖಾಜಾಬನಿ ಕೇಳಿದಳು.

ಅದು ಇತ್ತು. ಹಿಂದಿನ ವರ್ಷ ಸೂರ್ಯಗ್ರಹಣ ಆದಾಗ ಓಣಿಯ ಮಕ್ಕಳೆಲ್ಲ ಅದನ್ನೇ ಕಣ್ಣಿಗೆ ಹಿಡಿದು ಗ್ರಹಣ ನೋಡಿದ್ದವು. ಮಾರೆಪ್ಪನ ಪಕ್ಕೆಲುಬಿನ ಸಂದಿಯಿಂದ ಸೂರ್ಯ ಕಂಡಿದ್ದ. ಮುಂದಿನ ಗ್ರಹಣಕ್ಕೆ ಬೇಕಾದೀತು ಎಂದು ಹುಲಿಗೆವ್ವ ಜಂತಿಗೆ ಸಿಕ್ಕಿಸಿಟ್ಟಿದ್ದಳು.

ಖಾಜಾಬನಿ ನನ್ನನ್ನು ಹುಲಿಗೆವ್ವನ ಮುಂದೆ ಒಡ್ಡಿದಳು. “ಕಲ್ಲು ಹೋದ್ರ ಏನಾತು, ಚಿತ್ರ ಅದಾವಲ್ಲ. ಗುರುತು ಸಿಗತಾವೇನು?”

ಹುಲಿಗೆವ್ವ ಬೆರಳಿನಿಂದ ಸವರಿದಳು, ಅಭ್ಯಾಸಬಲದಿಂದ ನಾಲಗೆಯನ್ನೂ ತಾಗಿಸಲು ಹೋಗಿ ತಡೆದಳು. “ಇದು ಜೋಡಿಬಾವಿ ಕ್ವಾರಿದು. ನನ್ನ ಲಗ್ನಾದ ವರ್ಷ. ಇದು ಹುಣಸಿಗುಂಡಿದು, ಯಮನ್ಯಾ ಹೊಟ್ಟ್ಯಾಗಿದ್ದ. ಇದು...” ಖಾಜಾಬನಿ ಜಂಪರಿನಿಂದ ಪೆನ್ನು ತೆಗೆದಳು. ಕೈ ಮುರಿಯುವ ಖಾಜಾಬನಿ! ಒಂದು ಕ್ಷಣ ತಡೆದಳು, ಸುತ್ತ ನೋಡಿದಳು, ಆಮೇಲೆ ಗ್ರಂಥಾಲಯದ ಪುಸ್ತಕದ ಮೇಲೆ ಬರೆಯತೊಡಗಿದಳು. ಹದಿನೇಳು ಕಲ್ಲಿನ ಕೆಳಗೂ ಕ್ವಾರಿಯ ಹೆಸರು, ವರ್ಷ, ಎಷ್ಟು ದಿನ ದುಡಿದರು. ನೀಲಿ ಶಾಯಿ ನನ್ನ ನುಣುಪು ಕಾಗದದಲ್ಲಿ ನಿಲ್ಲದೆ ಜಾರುತ್ತಿತ್ತು. ಒತ್ತಿ ಒತ್ತಿ ಬರೆದಳು. ನೋವಾಯಿತು. ಬೇಕಾದ ನೋವು ಅದು.

ಕೊನೆಗೆ ಬೆಕ್ಕಿನ ಪುಟ ಬಂತು. “ಇಲ್ಲೇನ್ ಬರೀಲಿ?”

“ಅಲ್ಲೇನೂ ಬ್ಯಾಡ,” ಅಂದಳು ಹುಲಿಗೆವ್ವ. “ಮೊದಲ ಆ ಕಾಗದ ಬದಲಾಗ್ಲಿ.”

ಜಿಲ್ಲಾ ಕಚೇರಿಯಲ್ಲಿ ಧೂಳಿನ ಕಾಯಿಲೆಗಳ ವಿಚಾರಣೆಗೆಂದು ಒಂದು ಸಮಿತಿ ಇತ್ತು. ಎಂಟು ತಿಂಗಳು ಅಲೆದ ಮೇಲೆ ಹುಲಿಗೆವ್ವನಿಗೆ ದಿನ ಕೊಟ್ಟರು. ಖಾಜಾಬನಿಯ ಚೀಲದಲ್ಲಿ ನಾನು, ನನ್ನ ಪಕ್ಕ ಸುರುಳಿ ಸುತ್ತಿದ ಎಕ್ಸ್‌ರೇ. ಮೇಜಿನ ಹಿಂದೆ ಮೂವರು. ನಡುವೆ ಬಿಳಿಕೂದಲಿನ ಡಾಕ್ಟರು. ಮೇಜಿನ ಈಚೆ, ಮಾರೆಪ್ಪ ಕೊನೆಗೆ ದುಡಿದ ಕ್ವಾರಿಯ ಮ್ಯಾನೇಜರ್. ವಿಚಾರಣೆ ಶುರುವಾಗುವ ಮುಂಚೆ ಅವನು ಬೂಟಿನ ತುದಿಯಿಂದ ನೆಲ ಬಡಿದು ಗುಮಾಸ್ತನಿಗೆ ಹೇಳುತ್ತಿದ್ದ: “ಹೆಂಗೈತ್ರಿ ಫ್ಲೋರಿಂಗು? ನಮ್ಮ ಕ್ವಾರಿದ್ದ. ಈ ಎಳಿ ಬ್ಯಾರೆ ಎಲ್ಲೂ ಸಿಗಂಗಿಲ್ಲ.”

ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟರು ಸುಮ್ಮನೆ ತಲೆಯಾಡಿಸಿದರು. “ಎದೆ ಹೇಳೋದನ್ನ ಹೇಳ್ತಿದೆ. ದುಡಿದದ್ದಕ್ಕೆ ಏನಿದೆಯಮ್ಮ?”

ಖಾಜಾಬನಿ ನನ್ನನ್ನು ಮೇಜಿನ ಮೇಲಿಟ್ಟಳು.

ಮ್ಯಾನೇಜರ್ ನಕ್ಕುಬಿಟ್ಟ. “ಏನ್ರೀ ಇದು, ಹುಡುಗರ ಪುಸ್ತಕ!” ನನ್ನನ್ನು ಎಳೆದುಕೊಂಡು ಎರಡು ಪುಟ ತಿರುವಿದ. ಅವನ ನಗು ಇನ್ನೂ ಅಗಲವಾಯಿತು. “ಸಾರ್, ಇದರಾಗ ಬರದೈತಿ ಕೇಳ್ರಿ. ‘ಕಲ್ಲಜ್ಜಿ ದಿನವೂ ಹೊಳೆದಂಡೆಗೆ ಹೋಗುತ್ತಾಳೆ. ಆಡುತ್ತಾ ಹಾಡುತ್ತಾ ಕಲ್ಲು ಆಯುತ್ತಾಳೆ.’ ಆಕೀ ಪುಸ್ತಕಾನ ಹೇಳತೈತಿ, ಹೊಳಿ ಕಲ್ಲು ಅಂತ. ಕೆಳಗ ಪೆನ್ನಿಲೆ ಗೀಚಿದ್ದು ನಿನ್ನೆ ಮೊನ್ನೇದು.”

ನಾನು ಅಂದು ಅನುಭವಿಸಿದ್ದನ್ನು ಯಾವ ಪುಸ್ತಕವೂ ಅನುಭವಿಸಬಾರದು. ನನ್ನ ಬಾಯಿಂದಲೇ, ನನ್ನ ಚಂದದ ದುಂಡು ಅಕ್ಷರಗಳಿಂದಲೇ ಅವಳ ಇಪ್ಪತ್ತಾರು ವರ್ಷವನ್ನು ಅಳಿಸುತ್ತಿದ್ದರು. ಮಕ್ಕಳಿಗೆ ದುಃಖ ಬೇಡವೆಂದು ಮಾಡಿದ ಸುಳ್ಳು ಯಾರ ಕೈಗೆ ಆಯುಧವಾಯಿತು ನೋಡಿ.

ಹುಲಿಗೆವ್ವ ಮುಂದೆ ಬಂದಳು. “ಅಕ್ಷರ ನನಗ ಬರಂಗಿಲ್ರಿ. ಅದನ್ನ ಬರದವರನ್ನ ಕೇಳ್ರಿ. ನೀವು ಕಲ್ಲು ನೋಡ್ರಿ.” ಅವಳ ಬೆರಳು ನನ್ನ ಒಂದು ಕಲ್ಲಿನ ಅಂಚಿಗೆ ಬಂದು ನಿಂತಿತು. “ಹೊಳಿ ಕಲ್ಲು ಗುಂಡಗಿರತೈತಿ. ಇದರ ಮೂಲಿ ನೋಡ್ರಿ, ಉಳಿ ಹೊಡದ ಗೆರಿ. ಹದಿನೇಳಕ್ಕೂ ಐತಿ. ಹೊಳಿ ಎಲ್ಲಿರ ಉಳಿ ಹಿಡಿತೈತೇನ್ರೀ?”

ಡಾಕ್ಟರು ನನ್ನನ್ನು ಕಣ್ಣಿನ ಹತ್ತಿರಕ್ಕೆ ತಂದರು. ಒಂದೊಂದು ಪುಟದಲ್ಲೂ ಸುಚೇತಾ ಹಟ ಹಿಡಿದು ಉಳಿಸಿದ ಆ ಗೀರು. ಅಚ್ಚಾದ ವರ್ಷವನ್ನೂ ನೋಡಿದರು. ಅರ್ಜಿ ಹಾಕುವ ಯೋಚನೆ ಹುಟ್ಟುವುದಕ್ಕೂ ಮೊದಲಿನದು.

“ಯಾವ ಕ್ವಾರಿದೋ ಇರಬೌದು ಸಾರ್,” ಎಂದು ಮ್ಯಾನೇಜರ್ ಬಾಯಿ ಹಾಕಿದ. “ನಮ್ಮದಂತ ಹೆಂಗ ಹೇಳತೀರಿ?”

ಹುಲಿಗೆವ್ವ ಡಾಕ್ಟರ ಕೈಯಿಂದ ನನ್ನನ್ನು ಪಡೆದು, ಕೊನೆಯ ಕ್ವಾರಿಯ ಹದಿನೇಳನೆಯ ಕಲ್ಲಿನ ಪುಟ ತೆಗೆದು, ಬಗ್ಗಿ, ನೆಲದ ಮೇಲೆ ಹಾಸಿದಳು. ಮೇಜಿನ ಮೇಲಿದ್ದ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ನನ್ನ ಪಕ್ಕದ ಹಾಸುಗಲ್ಲಿಗೆ ಸವರಿದಳು. ಧೂಳು ತೊಳೆದುಹೋಗಿ ಕಲ್ಲು ಬಣ್ಣ ಬಿಟ್ಟಿತು. ಗುಲಾಬಿ, ಅದರಲ್ಲಿ ಕೋಳಿಯ ಹೆಜ್ಜೆಯಂತೆ ಮೂರು ಕವಲಾದ ಕರಿ ಎಳೆ. ನನ್ನ ಪುಟದಲ್ಲೂ ಗುಲಾಬಿ, ಅದೇ ಕೋಳಿಹೆಜ್ಜೆ.

“ಈ ಎಳಿ ಬ್ಯಾರೆ ಎಲ್ಲೂ ಸಿಗಂಗಿಲ್ಲಂತ ನೀವ ಹೇಳಿದ್ರೆಲ್ರೀ ಸಾವ್ಕಾರ್ರ. ನೀವು ನಿಂತಿದ್ದು ಅದರ ಮ್ಯಾಲ. ನನ್ನ ಗಂಡ ಹನ್ನೊಂದು ವರ್ಷ ಅದನ್ನ ಕೊರದು ಕುಡದು ಸತ್ತ.”

ನಾನು ನೆಲದಿಂದ ಎಲ್ಲರ ಮುಖ ನೋಡುತ್ತಿದ್ದೆ. ಮ್ಯಾನೇಜರ್ ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ. ಗುಮಾಸ್ತ ಬಾಯಿ ಮುಚ್ಚಿ ನಗು ತಡೆಯುತ್ತಿದ್ದ. ಡಾಕ್ಟರು ಕುರ್ಚಿ ಬಿಟ್ಟು ಬಂದು ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತರು.

ಪೆನ್ನಿನಲ್ಲಿ ಬರೆದದ್ದು ಹುಲಿಗೆವ್ವ ಹೇಳಿದ ಮಾತೇ ಎಂಬ ಒಪ್ಪಿಗೆಗಾಗಿ ನನ್ನ ಕೊನೆಯ ಖಾಲಿ ಪುಟದಲ್ಲಿ ಹೆಬ್ಬೆಟ್ಟು ಒತ್ತಿಸಿದರು. ಬಂದದ್ದು ನಯವಾದ ಒಂದು ಕರಿ ಕಲೆ ಮಾತ್ರ.

“ಗೆರೀನ ಮೂಡಿಲ್ಲಲ್ಲ ಸಾರ್,” ಎಂದ ಗುಮಾಸ್ತ. “ಇನ್ನೊಮ್ಮೆ ಒತ್ತಬೇ.”

“ಎಷ್ಟ ಸಲ ಒತ್ತಿದ್ರೂ ಅಷ್ಟ ತಮ್ಮಾ. ಗೆರಿ ಎಲ್ಲಾ ಕಲ್ಲಿಗೆ ಹತ್ಯಾವ.”

“ಇರಲಿ,” ಎಂದರು ಡಾಕ್ಟರು. “ಅದೂ ಪುರಾವೆನೇ.”

ನಾನು ಊರಿಗೆ ಮರಳಲಿಲ್ಲ. ನನ್ನ ಮೂಲೆಗೆ ತೂತು ಹೊಡೆದು, ದಾರ ಪೋಣಿಸಿ, ಎಕ್ಸ್‌ರೇಯ ಜೊತೆ ಕಡತಕ್ಕೆ ಕಟ್ಟಿದರು. ದಾಖಲೆ ಕೋಣೆಯ ಮೇಲಿನ ಅಟ್ಟ ನನ್ನ ಜಾಗ. ಇಲ್ಲಿ ಚುರುಮುರಿಯ ವಾಸನೆ ಇಲ್ಲ. ಮ್ಯಾಂವ್ ಎನ್ನುವವರಿಲ್ಲ. ಗೆದ್ದಲಿನ ಸಪ್ಪಳ ಗೋಡೆಯೊಳಗೆ ಕೇಳುತ್ತದೆ. ಹದಿನಾಲ್ಕು ತಿಂಗಳು ಆ ಸಪ್ಪಳ ಎಣಿಸಿದೆ. ಬಂಡಿಗೋಳದಲ್ಲಿ ಅಷ್ಟೂ ದಿನ ಯಮನಪ್ಪ ಒಣಕಲ್ಲು ಕೊರೆಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಅಧಿಕಾರಿಗಳಿಗೂ ಗೊತ್ತಿತ್ತು. ಸಹಿ ಮಾತ್ರ ಆಗಬೇಕಿತ್ತು.

ಕೊನೆಗೊಂದು ದಿನ ಕಡತ ಕೆಳಗಿಳಿಯಿತು. ಎದುರಿಗೆ ಆ ದಪ್ಪ ಕನ್ನಡಕ. ಖಾಜಾಬನಿ ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು ಫೋನ್ ಕಿವಿಗಿಟ್ಟಿದ್ದಳು.

“ಓದ್ತೀನಿ ಕೇಳತ್ತೀ. ‘ಮರಣದ ಕಾರಣ: ಕ್ಷಯ ಎಂಬುದನ್ನು ತೆಗೆದು, ಕಲ್ಲಿನ ಧೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆ ಎಂದು ತಿದ್ದತಕ್ಕದ್ದು. ನೀರು ಬಿಡದೆ ಕೊರೆಯುವುದನ್ನು ಕ್ವಾರಿಯವರು ಈ ಕೂಡಲೇ ನಿಲ್ಲಿಸತಕ್ಕದ್ದು.’”

ಫೋನಿನ ಆ ಕಡೆ ಉಸಿರು ಕೇಳಿತು. ಸಣ್ಣ ಸಿಳ್ಳೆಯಂಥ ಉಸಿರು. ಮಾರೆಪ್ಪನ ಮಂಚದಿಂದ ಬರುತ್ತಿದ್ದ ಸಪ್ಪಳವೇ ಅದು. ಈಗ ಹುಲಿಗೆವ್ವನದು.

“ಇನ್ನೊಮ್ಮೆ ಓದವ್ವಾ.”

ಖಾಜಾಬನಿ ಇನ್ನೊಮ್ಮೆ ಓದಿದಳು.

“ಪುಸ್ತಕ ಕೊಟ್ರೇನು?”

“ಕೊಡಂಗಿಲ್ಲಂತ. ಕಡತಕ್ಕ ಸೇರಿತಂತ. ಬಾಜೂ ಊರಿನ ಎರಡು ಹೆಣ್ಮಕ್ಕಳು ಉಡಿ ಚಕ್ಕಿ ತಂದು ಅರ್ಜಿ ಹಾಕ್ಯಾರಂತ. ಅವಕ್ಕ ಇದನ್ನ ಹಚ್ಚಿ ನೋಡತಾರಂತ.”

“ಇರ್ಲಿ ಹಂಗಾರ. ಅಲ್ಲೇ ಇರ್ಲಿ.” ಮತ್ತೆ ಸಿಳ್ಳೆ. “ಬೆಕ್ಕಿನ ಪುಟ ತಗಿ. ಈಗ ಬರಿ.”

ಖಾಜಾಬನಿ ಪೆನ್ನು ತೆಗೆದಳು. ಗುಮಾಸ್ತ ಮೇಜಿನಾಚೆಯಿಂದ ಹಾರಿಬಂದ. “ಏ ಅಮ್ಮಾ! ಸರ್ಕಾರಿ ಕಡತದ ಮ್ಯಾಲ ಗೀಚಬಾರದು!”

“ಕೈ ಮುರಿ ಬೇಕಾದ್ರ,” ಎಂದಳು ಅವಳು, ಬರೆಯುತ್ತಲೇ.

ಆಮೇಲೆ ನನ್ನನ್ನು ಮತ್ತೆ ಕಟ್ಟಿ ಅಟ್ಟಕ್ಕೇರಿಸಿದರು. ಒಳಗಿನ ಜಗಳ ಮುಗಿಯಿತು ಎಂದರೆ ಸುಳ್ಳಾದೀತು. ಸುಳ್ಳಿನ ರುಚಿ ನಾನು ನೋಡಿದ್ದೇನೆ, ಇನ್ನು ಬೇಡ. ನನ್ನ ದುಂಡು ಅಕ್ಷರಗಳು ಇನ್ನೂ ಹೊಳೆದಂಡೆ ಎನ್ನುತ್ತವೆ. ನೀರು ಬಿಟ್ಟರೋ ಇಲ್ಲವೋ, ಯಮನಪ್ಪನ ರೆಪ್ಪೆ ಕಪ್ಪಾದವೋ ಇಲ್ಲವೋ, ಈ ಅಟ್ಟಕ್ಕೆ ಯಾರೂ ಬಂದು ಹೇಳುವುದಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಯಾವ ಹೆಣ್ಣುಮಗಳು ಯಾವ ಕಲ್ಲು ತಂದಳೋ ಎಂದು ಮೈಯೆಲ್ಲ ಕಿವಿಯಾಗುತ್ತೇನೆ. ಕಡತ ಬಿಚ್ಚಿದವರಿಗೆ ಮೊದಲು ತೆರೆದುಕೊಳ್ಳುವುದು ಹದಿನಾಲ್ಕನೆಯ ಪುಟ. ಅಲ್ಲಿ ಕಿತ್ತಳೆ ಬೆಕ್ಕು ಮಂಚದ ಮೇಲೆ ಮಲಗಿದೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ, ಕಾಗದ ಹರಿಯುವಷ್ಟು ಒತ್ತಿ ಬರೆದಿದೆ:

ಇದು ಮಾರೆಪ್ಪನ ಜಾಗ. ಏಳು, ಬೆಕ್ಕೇ.